ಬ್ರೈಟನ್ನಿನಿಂದ ಬಂದ ಕಾಗದಗಳು

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ ರೈಲನ್ನೇರಿ ದಕ್ಷಿಣಕ್ಕೆ ಹೊರಟರೆ ಸುಮಾರು ಒಂದು ಗಂಟೆಯಲ್ಲಿ ಬ್ರೈಟನ್ ನಗರವನ್ನು ಸೇರಬಹುದು. ಅದು ಕಡಲತೀರದ ಊರು. ಬೇಸಗೆಯಲ್ಲಿ ಲಂಡನ್ನಿನ ಜನರು ಹವೆಯ ಬದಲಾವಣೆಗೆಂದು ಮಕ್ಕಳುಮರಿಗಳೊಡನೆ ಬಂದು ಸೇರುವ ತಾಣ. ದಂಡೆಯ ತುಂಬ ಅಲೆಗಳು ಉಜ್ಜಿ ನುಣುಪಾಗಿಸಿದ ಉರುಟು ಕಲ್ಲುಗಳು. ಅವುಗಳಾಚೆಗೆ ಬೂದುಬಣ್ಣದ ಕಡಲು. ಕಡಲಿನಾಚೆಗೆ, ಕಣ್ಣಿಗೆ ಕಾಣದಿದ್ದರೂ ಬಹು ದೂರವಲ್ಲದ ಫ್ರಾನ್ಸ್ ದೇಶ.

ನಿಲ್ದಾಣದಿಂದ ಇಳಿಜಾರಿನಲ್ಲಿ ಕಡಲಿನತ್ತ ನಡೆಯುತ್ತ ಎಡಗಡೆಯ ಬೀದಿಗಳನ್ನು ಹೊಕ್ಕ ಭಾರತೀಯ ಪ್ರವಾಸಿಯು ಒಂದೆಡೆ ತಟ್ಟನೆ ನಿಲ್ಲುತ್ತಾನೆ. ಇಂಗ್ಲೆಂಡಿನ ಸಾದಾ ಮನೆಗಳ ನಡುವೆ ಈರುಳ್ಳಿಯಾಕಾರದ ಗುಮ್ಮಟಗಳು, ಮಿನಾರುಗಳು, ಜಾಲಂದ್ರದ ಕಮಾನುಗಳು! ಆಗ್ರಾದ ಯಾವುದೋ ಅರಮನೆ ದಾರಿ ತಪ್ಪಿ ಇಲ್ಲಿಗೆ ಬಂದು ನಿಂತಂತೆ ತೋರುತ್ತದೆ. ಇದೇ ರಾಯಲ್ ಪೆವಿಲಿಯನ್. ಮುಂದೆ ನಾಲ್ಕನೆಯ ಜಾರ್ಜ್ ದೊರೆಯಾದ ರಾಜಕುಮಾರನ ವಿಲಾಸಕ್ಕಾಗಿ ಜಾನ್ ನ್ಯಾಷ್ ಎಂಬ ವಾಸ್ತುಶಿಲ್ಪಿ 1815 ರಿಂದ 1823 ರ ಅವಧಿಯಲ್ಲಿ ಇದಕ್ಕೆ ಈಗಿನ ರೂಪವನ್ನು ಕೊಟ್ಟನು. ಹೊರಗೆ ಹಿಂದೂಸ್ತಾನದ ವೇಷ, ಒಳಗೆ ಚೀನಾದ ಅಲಂಕಾರ. ವಿಕ್ಟೋರಿಯಾ ರಾಣಿಗೆ ಈ ಆಡಂಬರ ಹಿಡಿಸಲಿಲ್ಲ. 1850 ರಲ್ಲಿ ಅರಮನೆಯು ಊರಿನ ಆಡಳಿತಕ್ಕೆ ಮಾರಾಟವಾಯಿತು.

ಇಷ್ಟನ್ನು ಯಾವ ಮಾರ್ಗದರ್ಶಿ ಪುಸ್ತಕವಾದರೂ ಹೇಳೀತು. ಆದರೆ ಈ ಅರಮನೆಗೂ ಪಂಜಾಬಿನ, ಗಢವಾಲದ, ನೇಪಾಳದ ಹಳ್ಳಿಗಳ ತಾಯಂದಿರಿಗೂ ಒಂದು ಕಾಲದಲ್ಲಿ ನಂಟು ಬೆಳೆದಿತ್ತು. ಆ ನಂಟನ್ನು ಬೆಸೆದವು ಕೆಲವು ಸಾವಿರ ಕಾಗದಗಳು. ಬ್ರೈಟನ್ನಿನ ನಿಜವಾದ ಕಥೆ ಅವುಗಳಲ್ಲಿದೆ.

ಅರಮನೆ ಆಸ್ಪತ್ರೆಯಾದುದು

1914 ರ ಆಗಸ್ಟಿನಲ್ಲಿ ಮೊದಲನೆಯ ಮಹಾಯುದ್ಧವು ಸಿಡಿಯಿತು. ಎರಡು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 26 ರಂದು, ಭಾರತದ ಪಡೆಗಳ ಮೊದಲ ತಂಡವು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು. ಬೇಸಗೆಯ ತೆಳು ಉಡುಪಿನಲ್ಲಿ ಬಂದಿಳಿದ ಈ ಜನರು ಅಕ್ಟೋಬರ್ ಮುಗಿಯುವ ಮುನ್ನವೇ ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಬಳಿಯ ಕೆಸರುಗುಂಡಿಗಳಲ್ಲಿ ನಿಂತು ಜರ್ಮನ್ ಫಿರಂಗಿಗಳನ್ನು ಎದುರಿಸಬೇಕಾಯಿತು. ಯುದ್ಧವು ಮುಗಿಯುವ ಹೊತ್ತಿಗೆ, ಯೋಧರೂ ಕೂಲಿದಳದವರೂ ಸೇರಿ ಸುಮಾರು 1,40,000 ಭಾರತೀಯರು ಫ್ರಾನ್ಸ್ ಮತ್ತು ಬೆಲ್ಜಿಯಮ್ ನೆಲವನ್ನು ತುಳಿದಿದ್ದರು.

ಗಾಯಗೊಂಡವರನ್ನು ಎಲ್ಲಿಗೆ ಸಾಗಿಸುವುದು? ಊರಿಗೆ ವಾರಗಟ್ಟಲೆಯ ಹಡಗಿನ ಪ್ರಯಾಣ. ಹತ್ತಿರದ್ದು ಇಂಗ್ಲೆಂಡಿನ ದಕ್ಷಿಣ ತೀರ. 1914 ರ ಡಿಸೆಂಬರಿನಲ್ಲಿ ಪೆವಿಲಿಯನ್ ಭಾರತೀಯ ಯೋಧರ ಆಸ್ಪತ್ರೆಯಾಯಿತು. ಸಂಗೀತ ಶಾಲೆಯಲ್ಲಿ, ಔತಣದ ಮಂದಿರದಲ್ಲಿ, ಪಕ್ಕದ ಡೋಮ್ ಎಂಬ ವಿಶಾಲವಾದ ಗುಮ್ಮಟದ ಕೆಳಗೆ, ಎಲ್ಲ ಸೇರಿ ಏಳುನೂರಕ್ಕೂ ಹೆಚ್ಚು ಮಂಚಗಳನ್ನು ಹಾಕಿದರು. ರಾಜಕುಮಾರನ ಅಡಿಗೆಯವರು ನೂರು ಬಗೆಯ ಭಕ್ಷ್ಯಗಳನ್ನು ಬೇಯಿಸಿದ್ದ ದೊಡ್ಡ ಪಾಕಶಾಲೆಯು ಶಸ್ತ್ರಚಿಕಿತ್ಸೆಯ ಕೊಠಡಿಯಾಯಿತು. ಮತಮತಗಳ, ಜಾತಿಜಾತಿಗಳ ಆಚಾರಕ್ಕೆ ಲೋಪ ಬಾರದಂತೆ ಒಂಬತ್ತು ಪ್ರತ್ಯೇಕ ಅಡಿಗೆಮನೆಗಳು ಎದ್ದವು. ಹಿಂದೂಗಳಿಗೊಂದು, ಮುಸಲ್ಮಾನರಿಗೊಂದು ಎಂದು ನೀರಿನ ನಲ್ಲಿಗಳನ್ನೂ ಬೇರ್ಪಡಿಸಿದರು. ಹುಲ್ಲುಹಾಸಿನ ಮೇಲೆ ಸಿಖ್ಖರ ಪ್ರಾರ್ಥನೆಗೆ ಗುಡಾರ ಹಾಕಿಕೊಟ್ಟರು. ಫಲಕಗಳ ಮೇಲೆ ಉರ್ದು, ಗುರುಮುಖಿ, ಹಿಂದಿ ಅಕ್ಷರಗಳು ಕಾಣಿಸಿಕೊಂಡವು.

ಇಷ್ಟೆಲ್ಲ ಏರ್ಪಾಡಿಗೆ ಕೇವಲ ಕರುಣೆಯೇ ಕಾರಣವಾಗಿರಲಿಲ್ಲ. 1857 ರ ನೆನಪು ಆಳುವವರ ಮನಸ್ಸಿನಿಂದ ಮಾಸಿರಲಿಲ್ಲ. ಆಚಾರಕ್ಕೆ ಭಂಗ ಬಂದಿತೆಂಬ ಒಂದು ಮಾತು ಹಳ್ಳಿಗಳಿಗೆ ಮುಟ್ಟಿದರೆ ಮುಂದಿನ ಪಡೆಗಳಿಗೆ ಆಳು ಸಿಕ್ಕುವುದಿಲ್ಲವೆಂಬುದನ್ನು ಅವರು ಅರಿತಿದ್ದರು. ಆ ಮಾತು ಹಳ್ಳಿಗೆ ಮುಟ್ಟುತ್ತಿದ್ದ ದಾರಿ ಒಂದೇ: ಅಂಚೆ.

ಮೂರನೆಯ ಓದುಗ

ಸಿಪಾಯಿಗಳಲ್ಲಿ ಹೆಚ್ಚಿನವರಿಗೆ ಬರೆಯಲು ಬಾರದು. ಅಕ್ಷರ ಬಲ್ಲ ಒಬ್ಬ ಜತೆಗಾರನ ಮುಂದೆ ಕುಳಿತು ಹೇಳಿ ಬರೆಯಿಸಬೇಕು. ಅತ್ತ ಊರಿನಲ್ಲಿಯೂ ಅದೇ ಪಾಡು. ನಮ್ಮ ಹಳ್ಳಿಗಳಲ್ಲಿ ಅಂಚೆಯವನೇ ಜಗಲಿಯ ಮೇಲೆ ಕುಳಿತು ಕಾಗದವನ್ನು ಓದಿ ಹೇಳುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಹಾಗೆಯೇ ಅಲ್ಲಿಯೂ ಓದುಬಲ್ಲವನೊಬ್ಬನು ಗಟ್ಟಿಯಾಗಿ ಓದುವನು. ತಾಯಿ, ಹೆಂಡತಿ, ನೆರೆಹೊರೆಯವರು ಸುತ್ತ ಕುಳಿತು ಕೇಳುವರು. ಗಂಡಹೆಂಡಿರ ನಡುವಣ ಮಾತೂ ಹೀಗೆ ನಾಲ್ಕು ಜನರ ಕಿವಿಯ ಮೇಲೆ ಬಿದ್ದೇ ಮನೆ ಸೇರಬೇಕು.

ಈ ಎರಡು ತುದಿಗಳ ನಡುವೆ ಮೂರನೆಯ ಓದುಗನೊಬ್ಬನಿದ್ದನು. ಯುದ್ಧದ ಮೊದಲ ತಿಂಗಳುಗಳಲ್ಲಿಯೇ ಸಿಪಾಯಿಗಳ ಕೈಗೆ ಸರ್ಕಾರದ ವಿರುದ್ಧದ ಬರಹಗಳು ಬರುತ್ತಿವೆಯೆಂಬ ಶಂಕೆ ಮೂಡಿತು. ಭಾರತೀಯರ ಅಂಚೆಯನ್ನು ಪರೀಕ್ಷಿಸಲು ಒಂದು ಕಚೇರಿಯನ್ನು ತೆರೆದರು. ಫ್ರಾನ್ಸಿನ ಬೂಲೋನ್ ಬಂದರಿನಲ್ಲಿ ನೆಲೆಗೊಂಡ ಆ ಕಚೇರಿಯ ಮುಖ್ಯಸ್ಥ ಈವ್‌ಲಿನ್ ಹಾವೆಲ್, ಭಾರತದ ಸಿವಿಲ್ ಸರ್ವಿಸ್‌ಗೆ ಸೇರಿದ ಅಧಿಕಾರಿ. 1915 ರ ಮಾರ್ಚಿಯ ಹೊತ್ತಿಗೆ ಫ್ರಾನ್ಸಿನಲ್ಲಿದ್ದ ಭಾರತೀಯರು ವಾರಕ್ಕೆ ಹತ್ತರಿಂದ ಇಪ್ಪತ್ತು ಸಾವಿರ ಕಾಗದಗಳನ್ನು ಬರೆಯುತ್ತಿದ್ದರು. ಎಲ್ಲವನ್ನೂ ಓದುವುದು ಹಾವೆಲ್ಲನ ಕೈಕೆಳಗಿನ ಪುಟ್ಟ ತಂಡದಿಂದ ಆಗುವ ಕೆಲಸವಲ್ಲ. ಆದುದರಿಂದ ಆಯ್ದು ಓದಿ, ಗಮನ ಸೆಳೆದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ, ವಾರವಾರವೂ ಮೇಲಿನವರಿಗೆ ಒಂದು ವರದಿಯನ್ನು ಒಪ್ಪಿಸುತ್ತಿದ್ದರು. ಊರಿನಿಂದ ಬಂದ ಕಾಗದಗಳಿಗೂ ಈ ಪರೀಕ್ಷೆ ತಪ್ಪಿದ್ದಲ್ಲ.

ಸಿಪಾಯಿಗಳಿಗೆ ಇದು ತಿಳಿಯದೆ ಇರಲಿಲ್ಲ. ತಿಳಿದಮೇಲೆ ಅವರು ಬರೆಯುವ ಬಗೆಯನ್ನೇ ಬದಲಿಸಿದರು. ಒಬ್ಬನು ಊರಿಗೆ ಬರೆದನು: ಕರಿಮೆಣಸು ಮುಗಿಯುತ್ತ ಬಂದಿದೆ, ಈಗ ಕೆಂಪು ಮೆಣಸನ್ನು ಬಳಸುತ್ತಿದ್ದಾರೆ ಎಂದು. ಅಡಿಗೆಮನೆಯ ಸುದ್ದಿಯಂತೆ ತೋರುವ ಈ ಮಾತಿನ ಒಳಗುಟ್ಟು ಕೇಳುವವರಿಗೆ ಚೆನ್ನಾಗಿ ಗೊತ್ತು. ಕರಿಮೆಣಸೆಂದರೆ ಭಾರತದ ಸಿಪಾಯಿಗಳು. ಕೆಂಪು ಮೆಣಸೆಂದರೆ ಬಿಳಿಯ ಸಿಪಾಯಿಗಳು. ನಮ್ಮವರು ಅಷ್ಟೊಂದು ಮಂದಿ ಸತ್ತಿದ್ದಾರೆ ಎಂಬುದನ್ನು ಸಾಂಬಾರದ ಡಬ್ಬಿಯೊಳಗಿಟ್ಟು ಆತನು ಕಳುಹಿಸಿದ್ದನು! ಹಾವೆಲ್ಲನಿಗೆ ಈ ಜಾಣತನ ಅರ್ಥವಾಗದೆ ಹೋಗಲಿಲ್ಲ. ಹೇಳದೆಯೇ ಹೇಳುವ ಕಲೆಯನ್ನು ಇಷ್ಟು ಚೆನ್ನಾಗಿ ಬಲ್ಲ ಜನರ ಕಾಗದಗಳಿಂದ ಸುದ್ದಿಯನ್ನು ಸೋಸಿ ತೆಗೆಯುವುದು ಅಸಾಧ್ಯವೆಂದೇ ಆತನು ತನ್ನ ವರದಿಯಲ್ಲಿ ಒಪ್ಪಿಕೊಂಡನು.

ಸ್ವರ್ಗವೂ ಸೆರೆಮನೆಯೂ

ಪೆವಿಲಿಯನ್ನಿನಿಂದ ಹೊರಟ ಕಾಗದಗಳಲ್ಲಿ ಹಲವನ್ನು ಓದಿದರೆ ಅದು ಭೂಲೋಕದ ಸ್ವರ್ಗವೆಂಬ ಭಾವನೆ ಮೂಡುತ್ತದೆ. ದೊರೆಯು ತಮಗಾಗಿ ತನ್ನ ಸಿಂಹಾಸನದ ಮಂದಿರವನ್ನೇ ಬಿಟ್ಟುಕೊಟ್ಟಿದ್ದಾನೆಂದು ಸಿಪಾಯಿಗಳು ಊರಿಗೆ ಬರೆದರು. ಅರಮನೆಯು ದೊರೆಯ ಕೈಬಿಟ್ಟು ಆಗಲೇ ಅರವತ್ತು ವರ್ಷಗಳಿಗೂ ಮೇಲಾಗಿತ್ತು. ಆದರೆ ಆ ನಂಬಿಕೆಯನ್ನು ತಿದ್ದುವ ಆತುರ ಯಾರಿಗೂ ಇರಲಿಲ್ಲ. ಅರಮನೆಯ ಚಿತ್ರಗಳಿದ್ದ ಒಂದು ಪುಸ್ತಕವನ್ನು ಇಂಗ್ಲಿಷ್, ಉರ್ದು, ಗುರುಮುಖಿಗಳಲ್ಲಿ ಅಚ್ಚುಹಾಕಿಸಿ ರೋಗಿಗಳ ಕೈಗೂ ಕೊಟ್ಟರು.

ಅದೇ ಊರಿನಲ್ಲಿ, ಎಲ್ಮ್ ಗ್ರೋವ್ ಎಂಬ ದಿಣ್ಣೆಯ ಬೀದಿಯಲ್ಲಿ, ಹಿಂದೆ ಬಡವರ ದುಡಿಮೆಮನೆಯಾಗಿದ್ದ (ವರ್ಕ್‌ಹೌಸ್) ಕಟ್ಟಡದಲ್ಲಿ ಇನ್ನೊಂದು ಭಾರತೀಯ ಆಸ್ಪತ್ರೆಯಿತ್ತು. ಅದಕ್ಕೆ ಲಾರ್ಡ್ ಕಿಚನರನ ಹೆಸರನ್ನಿಟ್ಟಿದ್ದರು. ಅದರ ಸುತ್ತ ಮುಳ್ಳುತಂತಿಯ ಬೇಲಿ, ಬಾಗಿಲಲ್ಲಿ ಕಾವಲು. ಊರಿನೊಳಗೆ ತಿರುಗಾಡಲು, ಅದಕ್ಕಿಂತ ಹೆಚ್ಚಾಗಿ ಊರಿನ ಹೆಂಗಸರೊಡನೆ ಮಾತನಾಡಲು, ಅಲ್ಲಿನವರಿಗೆ ಅವಕಾಶವಿರಲಿಲ್ಲ. ಅಲ್ಲಿಂದ ಹೊರಟ ಕಾಗದಗಳಲ್ಲಿ ಸ್ವರ್ಗದ ಮಾತಿಲ್ಲ. ಸೆರೆಯಾಳುಗಳಂತೆ ಇದ್ದೇವೆ ಎಂಬ ಕೊರಗಿದೆ. ಸಿಪಾಯಿಗಳು ಯುದ್ಧಕ್ಕೆ ಹೆದರಿ ತಮ್ಮ ಕೈಗೆ ತಾವೇ ಗುಂಡು ಹೊಡೆದುಕೊಳ್ಳುತ್ತಾರೆಂಬ ಅನುಮಾನವೂ ಅಧಿಕಾರಿಗಳಲ್ಲಿ ಹರಡಿತ್ತು. ಆ ಆಸ್ಪತ್ರೆಯ ಮುಖ್ಯಸ್ಥನೇ ಒಂದು ಸಾವಿರ ಗಾಯಗಳನ್ನು ಪರೀಕ್ಷಿಸಿ, ಈ ಅನುಮಾನಕ್ಕೆ ಆಧಾರವಿಲ್ಲವೆಂದು ಬರೆದಿಟ್ಟನು.

ಯಾವ ಕಾಗದ ನಿಜ? ಎರಡೂ ನಿಜವೆನ್ನಬೇಕು. ನಮ್ಮ ಹಿರಿಯರ ಕಾಗದಗಳೆಲ್ಲ “ಉಭಯ ಕುಶಲೋಪರಿ ಸಾಂಪ್ರತ” ಎಂದೇ ಮೊದಲಾಗುತ್ತಿದ್ದವು. ಮನೆಯಲ್ಲಿ ಸಾವುನೋವಿದ್ದರೂ ಮೊದಲ ಸಾಲು ಅದೇ. ಕ್ಷೇಮವೆಂದು ಬರೆಯುವುದು ಸುಳ್ಳಲ್ಲ. ಕೇಳುವವರ ಎದೆ ಒಡೆಯದಿರಲೆಂಬ ಕಾಳಜಿ. ಬ್ರೈಟನ್ನಿನ ಸಿಪಾಯಿಯು ಬಿಳಿಯ ಹಾಸಿಗೆಯನ್ನೂ ಹಾಲನ್ನೂ ವರ್ಣಿಸಿದಾಗ ಆತನ ತಾಯಿಗೆ ಬೇಕಾಗಿದ್ದುದೂ ಆ ವರ್ಣನೆಯೇ.

ಆದರೆ ಒಂದು ವಿಷಯದಲ್ಲಿ ಮಾತ್ರ ಕಾಗದಗಳು ಸೌಜನ್ಯವನ್ನು ಬದಿಗಿಟ್ಟವು. ಗಾಯ ಮಾಯ್ದೊಡನೆ ತಮ್ಮನ್ನು ಮತ್ತೆ ಯುದ್ಧರಂಗಕ್ಕೆ ಕಳುಹಿಸುತ್ತಾರೆಂದು ತಿಳಿದಾಗ ಸಿಪಾಯಿಗಳು ಕಂಗೆಟ್ಟರು. ಒಮ್ಮೆ ರಕ್ತ ಸುರಿಸಿದವನ ಋಣ ತೀರಿತೆಂದು ಅವರು ನಂಬಿದ್ದರು. ಇದು ಯುದ್ಧವಲ್ಲ, ಪ್ರಳಯವೆಂದು ಬರೆದವರುಂಟು. ಮಹಾಭಾರತದ ಯುದ್ಧವನ್ನು ನೆನೆದವರುಂಟು. ಹುರಿಯುವ ಬಾಣಲೆಯಲ್ಲಿ ಕಾಳು ಸಿಡಿಯುವಂತೆ ಮನುಷ್ಯರು ಸಿಡಿಯುತ್ತಿದ್ದಾರೆ ಎಂದವರುಂಟು. ಇವೆಲ್ಲದರ ಕೊನೆಗೆ ಮತ್ತೆ ಮತ್ತೆ ಬರುವುದು ಒಂದೇ ಬೇಡಿಕೆ: ತಮ್ಮನನ್ನು ಸೈನ್ಯಕ್ಕೆ ಸೇರಿಸಬೇಡಿ. ಮನೆಯಲ್ಲಿ ಇನ್ನೊಬ್ಬ ಮಗನಾದರೂ ಉಳಿಯಲಿ.

ಮೀರ್ ದಸ್ತ್ ಎಂಬ ಪಠಾಣ ಜಮಾದಾರನ ಮಾತನ್ನು ಇಲ್ಲಿ ಹೇಳಬೇಕು. 1915 ರ ಏಪ್ರಿಲಿನಲ್ಲಿ ಈಪ್ರ್ ರಣರಂಗದಲ್ಲಿ ಜರ್ಮನರು ವಿಷದ ಗಾಳಿಯನ್ನು ಹರಿಯಬಿಟ್ಟರು. ಏಪ್ರಿಲ್ 26 ರ ಕಾಳಗದಲ್ಲಿ ಈತನು ತಾನು ಗಾಯಗೊಂಡರೂ ಇತರ ಅಧಿಕಾರಿಗಳನ್ನು ಹೊತ್ತು ತಂದು ಉಳಿಸಿದನು. ಆಗಸ್ಟ್ 25 ರಂದು ಪೆವಿಲಿಯನ್ನಿನ ಹುಲ್ಲುಹಾಸಿನ ಮೇಲೆ ಐದನೆಯ ಜಾರ್ಜ್ ದೊರೆಯು ತನ್ನ ಕೈಯಾರೆ ಆತನ ಎದೆಗೆ ವಿಕ್ಟೋರಿಯಾ ಕ್ರಾಸ್ ಪದಕವನ್ನು ಸಿಕ್ಕಿಸಿದನು. ಆತನು ಊರಿಗೆ ಬರೆಯಿಸಿದ ಕಾಗದದಲ್ಲಿ ಪದಕದ ಬಗ್ಗೆ ಸಂತೋಷವಿದೆ. ಆದರೆ ಅದರ ಬೆನ್ನಿಗೇ, ಈ ಗಾಳಿಯು ತನಗೆ ಒಂದು ಗಳಿಗೆಯೂ ನೆಮ್ಮದಿ ಕೊಡುತ್ತಿಲ್ಲ, ತನ್ನ ಕಥೆ ಇದರಿಂದ ಮುಗಿದಂತೆಯೇ ಎಂಬ ಅರ್ಥದ ಮಾತಿದೆ. ಪತ್ರಿಕೆಗಳಿಗೆ ಸಿಕ್ಕಿದ್ದು ಪದಕದ ಚಿತ್ರ. ಮನೆಗೆ ಹೋದದ್ದು ಎದೆಯ ಉರಿ.

ಪರದೇಶದ ತಾಯಿ

ಕಾಗದಗಳ ತುಂಬ ಬರಿಯ ದುಃಖವೇ ಇದೆಯೆಂದು ಭಾವಿಸಬಾರದು. ಹೊಲದವರ ಮಕ್ಕಳಾದ ಈ ಸಿಪಾಯಿಗಳು ಫ್ರಾನ್ಸಿನ ಹೊಲಗಳನ್ನು ಬೆರಗಿನಿಂದ ಕಂಡರು. ಅಲ್ಲಿಯ ಹಸುಗಳು, ಬೆಣ್ಣೆ ತೆಗೆಯುವ ಯಂತ್ರ, ಗಂಡಸರೆಲ್ಲ ಯುದ್ಧಕ್ಕೆ ಹೋದಮೇಲೆ ಉಳುಮೆಯಿಂದ ವ್ಯಾಪಾರದವರೆಗೆ ಎಲ್ಲವನ್ನೂ ನಡೆಸುತ್ತಿದ್ದ ಹೆಂಗಸರು, ಇವರನ್ನು ನೋಡಿ ಅವರ ಯೋಚನೆಯ ದಿಕ್ಕೇ ತಿರುಗಿತು. ಮಗಳನ್ನು ಶಾಲೆಗೆ ಕಳುಹಿಸು, ಓದು ಕಲಿಯಲಿ ಎಂದು ಹೆಂಡತಿಗೂ ಅಣ್ಣತಮ್ಮಂದಿರಿಗೂ ಬರೆದವರು ಒಬ್ಬಿಬ್ಬರಲ್ಲ.

ಒಬ್ಬ ಪಂಜಾಬಿ ಮುಸಲ್ಮಾನ ಸಿಪಾಯಿಯು ಫ್ರಾನ್ಸಿನ ಹಳ್ಳಿಯೊಂದರಲ್ಲಿ ಮುದುಕಿಯೊಬ್ಬಳ ಮನೆಯಲ್ಲಿ ಬಿಡಾರ ಮಾಡಿದ್ದನು. ಅವಳ ಒಬ್ಬ ಮಗನು ಯುದ್ಧದಲ್ಲಿ ಮಡಿದಿದ್ದನು. ಅವಳು ಈತನ ಬಟ್ಟೆಯನ್ನು ಒಗೆದುಕೊಟ್ಟು, ಹಾಸಿಗೆಯನ್ನು ಸರಿಪಡಿಸಿ, ಬಿಸಿ ಕಾಫಿಯನ್ನು ಕೊಟ್ಟು ನೋಡಿಕೊಂಡಳು. ತನ್ನ ಮಗನಿಗಾಗಿ ಅವಳು ಅತ್ತುದನ್ನು ಈತನು ಕಂಡಿರಲಿಲ್ಲ. ಆದರೆ ಪಡೆಯು ಊರು ಬಿಡುವ ದಿನ ಈತನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ದಾರಿಯ ಖರ್ಚಿಗೆಂದು ಐದು ಫ್ರಾಂಕಿನ ನೋಟನ್ನು ಕೈಯಲ್ಲಿ ತುರುಕಿದಳು. ಇಬ್ಬರಿಗೂ ಪರಸ್ಪರರ ಭಾಷೆ ಸರಿಯಾಗಿ ಬಾರದು. ಈ ಕಾಗದವನ್ನು ಪರೀಕ್ಷಿಸಿದ ಅಧಿಕಾರಿಗೆ ಇದರಲ್ಲಿ ರಾಜದ್ರೋಹವೇನೂ ಸಿಕ್ಕಿರಲಾರದು. ಆದರೂ ಆತನು ಅದನ್ನು ಬರೆದುಕೊಂಡನು. ಆದುದರಿಂದಲೇ ಅದು ಇಂದಿಗೂ ಉಳಿದಿದೆ.

ಬೆಟ್ಟದ ಮೇಲಿನ ಛತ್ರಿ

ಬ್ರೈಟನ್ನಿನ ಆಸ್ಪತ್ರೆಗಳಿಂದ ಊರಿಗೆ ಮರಳದವರೂ ಇದ್ದರು. ಮುಸಲ್ಮಾನರನ್ನು ಲಂಡನ್ನಿನ ಹತ್ತಿರದ ವೋಕಿಂಗ್‌ಗೆ ಒಯ್ದು, ಅಲ್ಲಿಯ ಷಾಜಹಾನ್ ಮಸೀದಿಯ ಸಮೀಪದಲ್ಲಿ ವಿಧಿಪೂರ್ವಕವಾಗಿ ಸಮಾಧಿ ಮಾಡಿದರು. ಹಿಂದೂಗಳನ್ನೂ ಸಿಖ್ಖರನ್ನೂ ಊರ ಹೊರಗಿನ ಪ್ಯಾಚಮ್ ಬಳಿಯ ಬೆಟ್ಟದ ಮೇಲೆ ದಹನ ಮಾಡಿ, ಬೂದಿಯನ್ನು ಕಡಲಿಗೆ ಬಿಟ್ಟರು. ಹಾಗೆ ಅಲ್ಲಿ ಪಂಚಭೂತಗಳಲ್ಲಿ ಸೇರಿದವರು 53 ಮಂದಿ.

ಆ ಜಾಗಕ್ಕೆ ಇಂದಿಗೂ ಕಾಲ್ನಡಿಗೆಯಲ್ಲಿಯೇ ಹೋಗಬೇಕು. ಕುರಿಗಳು ಮೇಯುವ ಹಸಿರು ದಿಣ್ಣೆಗಳ ನಡುವಿನ ಕಾಲುದಾರಿಯನ್ನೇರುತ್ತ ಹೋದರೆ ಎಂಟು ಕಂಬಗಳ ಮೇಲೆ ನಿಂತ ಬಿಳಿಯ ಅಮೃತಶಿಲೆಯ ಗುಮ್ಮಟವೊಂದು ಕಾಣುತ್ತದೆ. ಅದರ ಹೆಸರೇ ‘ಛತ್ರಿ’. ಇದರ ನಕ್ಷೆಯನ್ನು ಬರೆದವನು ಮುಂಬಯಿಯ ತರುಣ ವಾಸ್ತುಶಿಲ್ಪಿ ಇ. ಸಿ. ಹೆನ್ರಿಕ್ಸ್. 1921 ರ ಫೆಬ್ರವರಿ 1 ರಂದು ಇದರ ಅನಾವರಣವಾಯಿತು. ಚಿತೆಗಳನ್ನು ಒಟ್ಟಿದ ಜಾಗಗಳ ಮೇಲೆ ಮೂರು ದೊಡ್ಡ ಕಲ್ಲುಚಪ್ಪಡಿಗಳಿವೆ. 2010 ರಲ್ಲಿ ಆ 53 ಜನರ ಹೆಸರುಗಳನ್ನು ಕೆತ್ತಿದ ಗೋಡೆಯನ್ನೂ ಹತ್ತಿರದಲ್ಲಿ ನಿಲ್ಲಿಸಿದ್ದಾರೆ. ಗಾಳಿ ಅಲ್ಲಿ ಎಡೆಬಿಡದೆ ಬೀಸುತ್ತದೆ. ಕೆಳಗೆ ಊರು, ಅದರಾಚೆಗೆ ಕಡಲು.

ಕಡಲು ದಾಟಿ ಉತ್ತರ ಫ್ರಾನ್ಸಿಗೆ ಹೋದರೆ, ಕಾಗದಗಳಲ್ಲಿ ಕರಿಮೆಣಸು ಮುಗಿದ ಕಾರಣವು ಕಲ್ಲಿನಲ್ಲಿ ಕಾಣುತ್ತದೆ. ನವ್ ಶಪೆಲ್ ಎಂಬ ಪುಟ್ಟ ಹಳ್ಳಿಯಲ್ಲಿ 1915 ರ ಮಾರ್ಚ್ 10 ರಿಂದ 13 ರ ವರೆಗೆ ನಡೆದ ಕಾಳಗದಲ್ಲಿ ಸತ್ತ ಮತ್ತು ಗಾಯಗೊಂಡ ಭಾರತೀಯರು ನಾಲ್ಕು ಸಾವಿರಕ್ಕೂ ಹೆಚ್ಚು. ಅಲ್ಲಿ 1927 ರಲ್ಲಿ ಅನಾವರಣಗೊಂಡ ಸ್ಮಾರಕದ ವರ್ತುಲಾಕಾರದ ಗೋಡೆಯ ಮೇಲೆ, ಸಮಾಧಿಯೇ ಇಲ್ಲದ 4,700 ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ನಡುವೆ ಅಶೋಕನ ಸ್ತಂಭಗಳನ್ನು ನೆನಪಿಗೆ ತರುವ ಎತ್ತರದ ಕಂಬ. ಅದರ ಬುಡದಲ್ಲಿ ಕಾವಲು ಕುಳಿತ ಎರಡು ಕಲ್ಲಿನ ಹುಲಿಗಳು. ದೆಹಲಿಯ ದೊಡ್ಡ ಸರ್ಕಾರಿ ಕಚೇರಿಗಳ ಶಿಲ್ಪಿ ಹರ್ಬರ್ಟ್ ಬೇಕರನೇ ಇದನ್ನೂ ರೂಪಿಸಿದನು. ಆ ಕಾಳಗ ನಡೆದ ವರ್ಷದ ಕೊನೆಗೆ ಭಾರತದ ಪದಾತಿದಳವು ಫ್ರಾನ್ಸನ್ನು ಬಿಟ್ಟು ಮೆಸೊಪೊಟೇಮಿಯಾಕ್ಕೆ ಹೋಯಿತು. ಕುದುರೆ ಸವಾರರು ಮಾತ್ರ 1918 ರ ವರೆಗೆ ಉಳಿದರು. ಪೆವಿಲಿಯನ್ನಿನಲ್ಲಿದ್ದ ಭಾರತೀಯರ ಆಸ್ಪತ್ರೆಯೂ 1916 ರ ಮೊದಲಲ್ಲಿ ಮುಚ್ಚಿತು.

ನಮ್ಮ ನಾಡಿನವರು ಈ ಯುದ್ಧಕ್ಕೆ ಹೊರತಾಗಿರಲಿಲ್ಲ. ಮೈಸೂರು ಸಂಸ್ಥಾನದ ಲ್ಯಾನ್ಸರ್ ಪಡೆಯು 1914 ರಲ್ಲಿಯೇ ಈಜಿಪ್ಟಿಗೆ ತೆರಳಿ, 1918 ರ ಸೆಪ್ಟೆಂಬರ್ 23 ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆಲ್ಲುವುದರಲ್ಲಿ ಜೋಧಪುರದ ಸವಾರರೊಡನೆ ಹೆಗಲು ಕೊಟ್ಟಿತು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂವರು ಕಂಚಿನ ಯೋಧರಲ್ಲಿ ಒಬ್ಬನು ಮೈಸೂರಿನ ಪಡೆಯವನು. ಬೆಂಗಳೂರಿನ ಜಯಚಾಮರಾಜೇಂದ್ರನಗರದಲ್ಲಿಯೂ ಆ ಪಡೆಯ ಸ್ಮಾರಕವಿದೆ.

ಉಳಿದದ್ದು ಯಾವುದು?

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಹಳೆಯ ಇಂಡಿಯಾ ಆಫೀಸಿನ ದಾಖಲೆಗಳ ನಡುವೆ, ಬೂಲೋನಿನ ಕಚೇರಿಯ ವಾರದ ವರದಿಗಳು ಭದ್ರವಾಗಿವೆ. ಡೇವಿಡ್ ಒಮಿಸ್ಸಿ ಎಂಬ ಇತಿಹಾಸಕಾರರು ಅವುಗಳಿಂದ ಆಯ್ದ ಕಾಗದಗಳನ್ನು 1999 ರಲ್ಲಿ ಪುಸ್ತಕವಾಗಿ ಹೊರತಂದರು. ಇಂದು ಆ ಯೋಧರ ಮನಸ್ಸನ್ನು ಅರಿಯಬೇಕೆಂಬವರಿಗೆ ಇರುವ ಮುಖ್ಯ ದಾರಿ ಇದೇ. ಅವರು ಉರ್ದುವಿನಲ್ಲಿ, ಗುರುಮುಖಿಯಲ್ಲಿ, ಹಿಂದಿಯಲ್ಲಿ ಬರೆಯಿಸಿದ ಮೂಲ ಕಾಗದಗಳು ಮುಂದಕ್ಕೆ ಸಾಗಿ ಊರು ಸೇರಿದವು. ಅಲ್ಲಿ ಓದಿಸಿಕೊಂಡು, ಮಡಿಸಿಟ್ಟು, ಕೆಲವು ಗೆದ್ದಲಿಗೆ, ಕೆಲವು ಮಳೆಗೆ, ಕೆಲವು 1947 ರ ದೇಶವಿಭಜನೆಯ ಗೋಳಿಗೆ ಸಿಕ್ಕಿ ಬಹುಪಾಲು ಇಲ್ಲವಾದವು. ಉಳಿದಿರುವುದು ಅನುಮಾನದಿಂದ ತೆರೆದು ನೋಡಿದವರು ತೆಗೆದಿಟ್ಟುಕೊಂಡ ಇಂಗ್ಲಿಷ್ ನಕಲು. ತಾಯಿಗೆಂದು ಬರೆದ ಮಾತು ತಾಯಿಯ ಮನೆಯಲ್ಲಿ ಉಳಿಯಲಿಲ್ಲ. ಬೇಹಿನವನ ಕಡತದಲ್ಲಿ ಉಳಿಯಿತು.

ಇದಕ್ಕಾಗಿ ಹಾವೆಲ್ಲನಿಗೆ ಕೃತಜ್ಞರಾಗಿರಬೇಕೇ ಬೇಡವೇ ಎಂಬುದನ್ನು ವಾಚಕರೇ ತೀರ್ಮಾನಿಸಲಿ. ಆದರೆ ಕಡತದಲ್ಲಿ ಇರುವುದು ಸರ್ಕಾರಕ್ಕೆ ಮುಖ್ಯವೆಂದು ತೋರಿದ ಭಾಗ ಮಾತ್ರ ಎಂಬುದನ್ನು ಮರೆಯಬಾರದು. ಎಮ್ಮೆ ಕರು ಹಾಕಿತೇ, ಬಾವಿಯಲ್ಲಿ ನೀರಿದೆಯೇ, ಮಗು ನಡೆಯಲು ಕಲಿತಿತೇ ಎಂಬಂಥ ಪ್ರಶ್ನೆಗಳಲ್ಲಿ ಬೇಹಿನವನಿಗೆ ಏನು ಆಸಕ್ತಿ? ಅವು ಮನೆಯವರು ಕಾಪಾಡಿದ್ದರೆ ಮಾತ್ರ ಉಳಿಯಬಹುದಾಗಿದ್ದ ಸಾಲುಗಳು.

ನಮ್ಮ ಮನೆಗಳ ಅಟ್ಟದ ಮೇಲಿನ ಹಳೆಯ ಟ್ರಂಕುಗಳಲ್ಲಿ, ಅಜ್ಜಿಯ ಪೆಟ್ಟಿಗೆಯ ತಳದಲ್ಲಿ, ಅಂಥ ಕಾಗದಗಳು ಇನ್ನೂ ಇದ್ದಾವು. ಬರ್ಮಾದಿಂದಲೋ, ಈಜಿಪ್ಟಿನಿಂದಲೋ, 1962 ರಲ್ಲಿ ಹಿಮಾಲಯದ ಗಡಿಯಿಂದಲೋ, 1971 ರಲ್ಲಿ ಪೂರ್ವದ ರಣರಂಗದಿಂದಲೋ ಯಾರೋ ಒಬ್ಬರು “ನಾನು ಕ್ಷೇಮ” ಎಂದು ಬರೆದ ಕಾಗದಗಳು. ಹಬ್ಬಕ್ಕೆ ಮನೆ ಗುಡಿಸುವಾಗ ಅವು ಕೈಗೆ ಸಿಕ್ಕರೆ ರದ್ದಿಯೊಡನೆ ಕಳುಹಿಸದೆ, ಒಮ್ಮೆ ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ತಾರೀಖು ನೋಡಿ, ಒಣಗಿದ ಜಾಗದಲ್ಲಿ ಎತ್ತಿಡಬೇಕು. ಆ ಕಾಗದಗಳ ನಕಲು ಯಾವ ಸರ್ಕಾರದ ಕಡತದಲ್ಲಿಯೂ ಇರಲಾರದು.